ಅತ್ತೆಯ ಮೂರು ಗೇಣು

ಕನಕಪುರ
೧೪-೬-೨೦೨೪, ಶುಕ್ರವಾರ

ಪ್ರೀತಿಯ ತಂಗಿ ಚೈತನ್ಯಾ,

ಇಂದು ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಹೊಸ ಅಡುಗೆಕಟ್ಟೆಯ ಕೆಳಗಿನ ಖಾಲಿ ಗೂಡು ಭರ್ತಿಯಾಯಿತೆಂದು ಮಾಗಡಿಯಲ್ಲಿರುವ ಸಮಸ್ತ ಬಂಧುಬಳಗಕ್ಕೆ ತಿಳಿಸಲು ಅಪಾರ ಹರ್ಷವಾಗುತ್ತಿದೆ. ಅಲ್ಲಿ ಪ್ರತಿಷ್ಠಾಪನೆಗೊಂಡದ್ದು ಪಾತ್ರೆ ತೊಳೆಯುವ ಮಿಷನ್ನು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಸಾಕು, ಅತ್ತೆ ಸೊಪ್ಪಿನ ಮೊರ ತಂದು ಪಕ್ಕದಲ್ಲೇ ಕೂರುತ್ತಾರೆ.

ಬಡಗಿ ಮುನಾವರ್ ಕಬೋರ್ಡುಗಳನ್ನೆಲ್ಲ ಕೂರಿಸಿ ಒಂದೇ ಒಂದು ಗೂಡು ಬಿಟ್ಟಿದ್ದರು. ಅದು ಮಿಷನ್ನಿಗೆ ಎಂದು ನಾನು, ರಾಗಿ ಡ್ರಮ್ಮಿಗೆ ಎಂದು ಅತ್ತೆ. ಶಾಲೆಯಿಂದ ಬಂದು ಸಿಂಕಿನ ಮುಂದೆ ಗಂಟೆಗಟ್ಟಲೆ ನಿಲ್ಲುವ ನನ್ನ ಪಾಡು ನಿನಗೆ ಗೊತ್ತು. “ಅಲ್ಲ ಕಣವ್ವ, ದೇವ್ರು ಎಲ್ಡು ಕೈ ಕೊಟ್ಟವ್ನೆ, ಅವ್ಕೇನು ಕೆಲ್ಸ?” ಎಂದರು ಅತ್ತೆ. ಕೊನೆಗೆ ರಾಜಿಯಾಯಿತು: ಶುಕ್ರವಾರದೊಳಗೆ ಗೂಡಿಗೆ ಸರಿಯಾಗಿ ಕೂರುವ ಮಿಷನ್ನು ಬಂದರೆ ಜಾಗ ನನ್ನದು, ಇಲ್ಲದಿದ್ದರೆ ಡ್ರಮ್ಮಿನದು.

ಮನೆಯಲ್ಲಿ ಟೇಪಿಲ್ಲ. ಬುಧವಾರ ಉಟ್ಟಿದ್ದ ಸೀರೆಯ ಸೆರಗನ್ನೇ ಗೂಡಿಗೆ ಹಿಡಿದು, ಅಗಲಕ್ಕೊಂದು ಎತ್ತರಕ್ಕೊಂದು ಪಿನ್ನು ಚುಚ್ಚಿದೆ. ಎಂಥ ಬುದ್ಧಿ! ಆಮೇಲೆ, ಪೇಟೆಗೆ ಹೋಗುವುದಲ್ಲವೇ ಎಂದು ಒಳ್ಳೆಯ ಸೀರೆ ಉಟ್ಟುಕೊಂಡೆ. ಅಂಗಡಿಯ ನಜೀರ್ “ಅಳತೆ ಕೊಡಿ ಮೇಡಂ” ಎಂದಾಗ ಗತ್ತಿನಿಂದ ಸೆರಗು ಚಾಚಿದೆ. ಜರಿ ಇತ್ತು, ಪಿನ್ನಿರಲಿಲ್ಲ.

ಮನೆಗೆ ಫೋನು ಮಾಡಿದರೆ, ತುಕ್ಕು ಹಿಡಿದೀತೆಂದು ಅತ್ತೆ ಪಿನ್ನು ಕಿತ್ತು ಸೀರೆಯನ್ನು ನೆನೆಹಾಕಿದ್ದರು. ಗೇಣು ಹಾಕಿಯಾದರೂ ನೋಡಿ ಎಂದು ಬೇಡಿಕೊಂಡೆ. “ಅಗ್ಲ ಮೂರು ಗೇಣು, ಮ್ಯಾಲೆ ಎಲ್ಡು ಬೆರ್ಳು” ಎಂದರು. ನನ್ನ ಗೇಣಿಗೆ ಅಂಗಡಿಯ ಯಾವ ಮಿಷನ್ನೂ ಮೂರೂವರೆಗೆ ಕಡಿಮೆಯಿಲ್ಲ! ಅಳುವ ದನಿಯಲ್ಲಿ ಹಾಗೆಂದೆ. “ನಿಂದೂ ಒಂದು ಗೇಣಾ? ಅಲ್ಲೇ ಇರು, ನಾನೇ ಬತ್ತೀನಿ” ಎಂದು ಆಟೋ ಹತ್ತಿಯೇಬಿಟ್ಟರು.

ಬಂದವರು ಎತ್ತು ಕೊಳ್ಳುವವರ ಹಾಗೆ ಮಿಷನ್ನುಗಳ ಬೆನ್ನು ತಟ್ಟಿದರು, ಬಾಯಿ ತೆಗೆಸಿ ನೋಡಿದರು. “ಏನಪ್ಪಾ, ಮುದ್ದೆ ಪಾತ್ರೆ ಇದ್ರೊಳಗೆ ಕೂತ್ಕತ್ತದಾ?”

“ಒಸಿ ನೆನೆಸಿ ಇಡಿ ಅಮ್ಮ, ಲಕಲಕ ಅಂತದೆ” ಎಂದ ನಜೀರ್.

ನಾಲ್ಕನೆಯ ಮಿಷನ್ನಿನ ಮೇಲೆ ಗೇಣು ಸರಿಯಾಗಿ ಮೂರು ಕೂತಾಗ ಅತ್ತೆಯ ಮುಖ ನೋಡಬೇಕಿತ್ತು ನೀನು. “ಇದೇ ಇರ್ಲಿ. ಎಲ್ಡು ಬೆರ್ಳು ಗಾಳಿ ಆಡ್ಲಿ.”

ಇಂದು ಅದು ಗೂಡಿನೊಳಗೆ ಸುಸೂತ್ರವಾಗಿ ಜಾರಿತು. ಅತ್ತೆಯೇ ಕುಂಕುಮ ಇಟ್ಟರು, ಪಕ್ಕದ ಮನೆಯ ಶಿವಲಿಂಗಮ್ಮನವರನ್ನು ಕರೆದು, “ಟೇಪಿಲ್ಲ ಗೀಪಿಲ್ಲ, ನಾನೇ ಅಳ್ದು ತಂದಿದ್ದು ಕಣಕ್ಕ!” ಎಂದರು. ಡ್ರಮ್ಮನ್ನು ಮೆಟ್ಟಿಲಡಿಗೆ ಉರುಳಿಸಿದ್ದೂ ಅವರೇ.

ನಿನ್ನ ಅಕ್ಕ,
ಸುಚಿತ್ರಾ

ತಾ.ಕ.: ಅಳತೆಯನ್ನೆಲ್ಲ ಮುನಾವರ್ ಸೆಂಟಿಮೀಟರಿನಲ್ಲಿ ಬರೆದುಕೊಟ್ಟಿದ್ದ ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಅತ್ತೆಯ ಆಟೋಗೆ ಚಿಲ್ಲರೆ ಹುಡುಕುವಾಗ ಕೈಗೆ ಸಿಕ್ಕಿತು. ಅಷ್ಟರಲ್ಲಿ ಅವರು ಮೊದಲ ಮಿಷನ್ನಿನ ಮೇಲೆ ಕೈ ಊರಿದ್ದರು. ಚೀಟಿ ನೋಡಿ ತಂದರೆ ಅದು ಸೊಸೆಯ ಮಿಷನ್ನು, ಗೇಣು ಹಾಕಿ ತಂದರೆ ಅತ್ತೆಯದು. ಮಡಚಿ ಒಳಗಿಟ್ಟೆ. ನೀನು ನನ್ನ ಪತ್ರಗಳನ್ನು ಅಮ್ಮನಿಗೆ ಗಟ್ಟಿಯಾಗಿ ಓದುತ್ತೀಯ, ಅಮ್ಮ ಭಾನುವಾರ ಅತ್ತೆಗೆ ಫೋನು ಮಾಡುತ್ತಾಳೆ. ಆದ್ದರಿಂದ ಒಂದು ಉಪಕಾರ ಮಾಡು: ನನ್ನ ಸಹಿಯ ಕೆಳಗೆ ನೇರವಾಗಿ ಕತ್ತರಿ ಆಡಿಸಿ, ಆಮೇಲೆ ಓದು.