ರುಚಿ ನೋಡದ ಅಡುಗೆಯವಳು

ಫೆಬ್ರವರಿ 3, ಸೋಮವಾರ. ಬೆಳಗ್ಗೆ 5

ಸ್ನಾನ, ಲಿಂಗಪೂಜೆ ಮುಗಿಯಿತು. ದೋಹಾದ ನಜ್ಮಾ ಬಡಾವಣೆಯ ಈ ಕಟ್ಟಡದಲ್ಲಿ ಬಾತ್‌ರೂಮಿಗೆ ಸಾಲು ಹತ್ತುವ ಮೊದಲೇ ಏಳಬೇಕು. ಆರಕ್ಕೆ ಡ್ರೈವರ್ ನೌಶಾದ್ ಬರುತ್ತಾನೆ. ಮುಐದರ್‌ನಲ್ಲಿ ಫ್ರೆಂಚ್ ಮೇಡಂ ಮನೆ, ಅಲ್ಲಿ ನನ್ನದು ಅಡುಗೆ ಕೆಲಸ. ಬ್ರೆಡ್ಡಿನ ಹಿಟ್ಟು ನಿನ್ನೆಯೇ ಹುಳಿಗೆ ಇಟ್ಟಿರುವೆ, ಇವತ್ತು ನಾದಬೇಕು.

ನಿನ್ನೆಯದನ್ನು ಬರೆಯದೆ ಇರಲಾರೆ. ಮೇಡಂ ಮೇ ತಿಂಗಳಲ್ಲಿ ದೋಹಾ ಬಿಡುತ್ತಾರಂತೆ. ಫ್ರಾನ್ಸಿನಲ್ಲಿ ತಾಯಿಯ ಹಳ್ಳಿಗೆ, ಕಾಯಂ. ಹಳೆಯ ಕಲ್ಲಿನ ಮನೆ, ಅತಿಥಿಗಳಿಗೆ ಐದು ರೂಮು, ಅಲ್ಲಿಯ ಹಳೆ ಕಾಲದ ಅಡುಗೆಯನ್ನೇ ಬಡಿಸುವುದು. "ಹೊನ್ನವ್ವ, ನೀನೂ ಬಾ. ಗುಲಾಪಾನೂ ಬರಲಿ. ಹೊಲ ಇದೆ, ಕುರಿ ಇವೆ" ಅಂದರು. ಗೂಳಪ್ಪ ಅನ್ನುವ ನಮ್ಮವರ ಹೆಸರು ಅವರ ಬಾಯಲ್ಲಿ ಗುಲಾಪಾ!

ಮಾಂಸ ಮುಟ್ಟುವುದಿಲ್ಲ ಅಂದೆ. "ಅದು ಅಮ್ಮನ ಕೆಲಸ. ಸೂಪು, ಬ್ರೆಡ್ಡು, ಕಾಳು, ಜಾಮ್ ನಿನ್ನವು."

ಐವತ್ತಾಯಿತು ನನಗೆ. ಈಗ ಹೊಸ ದೇಶ!

ಹಮದ್ ಬಂದರಿನಲ್ಲಿ ಎಂಟು ವರ್ಷ ಕಂಟೇನರ್ ನೋಡಿ ಇವರ ಕಣ್ಣು ಸೋತಿವೆ. ಹೇಳಿದರೆ, "ಕುರಿ ಎಷ್ಟದಾವಂತ?" ಇಷ್ಟೇ ಕೇಳಿದ್ದು. ಅಂದರೆ ಒಪ್ಪಿದ ಹಾಗೆ.

ಒಂದೇ ಷರತ್ತು. ಆ ಅಡುಗೆಮನೆ ಮೇಡಂ ತಾಯಿಯದು. ಅವರು ಬಂದು ನನ್ನ ಕೈ ನೋಡಿ ಹೂಂ ಅನ್ನಬೇಕು.

ಫೆ. 10, ಸೋಮವಾರ

ಅಜ್ಜಿ, ಮೇಡಂ ತಾಯಿ, ಬಂದರು. ಎಪ್ಪತ್ತೆಂಟು ವರ್ಷ, ಬೆನ್ನು ಕೋಲಿನ ಹಾಗೆ ನೆಟ್ಟಗೆ. ನನ್ನ ಅಂಗೈ ತಿರುಗಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿದರು, ಎತ್ತು ಕೊಳ್ಳುವವರ ಹಾಗೆ. ಅವರದ್ದೆಲ್ಲ ಫ್ರೆಂಚು. ಮೇಡಂ ನಡುವೆ ನಿಂತು ಹೇಳಬೇಕು.

ಸೂಪು ಕಲಿಸಿದರು. ಬೀನ್ಸ್ ಕಾಳು, ಆಲೂಗಡ್ಡೆ, ಟೊಮೆಟೊ. ಕೊನೆಗೆ ಬೆಳ್ಳುಳ್ಳಿ, ಎಣ್ಣೆ, ಕಾಮಕಸ್ತೂರಿ ಎಲೆ ಒರಳಲ್ಲಿ ಕುಟ್ಟಿ ಹಾಕುವುದು. ಕಾಮಕಸ್ತೂರಿ! ನಮ್ಮವ್ವ ಮುಡಿಯುತ್ತಿದ್ದಳು, ಇವರು ತಿನ್ನುತ್ತಾರೆ. ಮಿಕ್ಸಿ ಅಂದರೆ ಅಜ್ಜಿಗೆ ಸಿಟ್ಟು. ನಾನು ಕುಟ್ಟಿದೆ, ಅಜ್ಜಿ ಸರಿ ಅನ್ನುವ ಹಾಗೆ ತಲೆ ಆಡಿಸಿದರು. ಎಷ್ಟು ಖುಷಿ...

ಗಾಡಿಯಲ್ಲಿ ಮಂಗಳೂರಿನ ನೌಶಾದ್ ಮೂಗು ಮುಚ್ಚಿಕೊಂಡ. "ಎಂತ ಹೊನ್ನವ್ವಕ್ಕ, ಬೆಳ್ಳುಳ್ಳಿ ಗೋಣಿಗೆ ಬಿದ್ದು ಎದ್ದು ಬಂದದ್ದಾ?"

"ಫ್ರಾನ್ಸ್ ವಾಸನಿ ಅದು. ಸುಮ್ನ ಗಾಡಿ ಹೊಡಿ."

ಫೆ. 11, ಮಂಗಳವಾರ

ತಾಪತ್ರಯ. ಸೂಪು ಕುದಿಯುವಾಗ ಅಜ್ಜಿ ಚಮಚ ತುಂಬಿ ನನ್ನ ತುಟಿಗೆ ಹಿಡಿದರು. ಬಾಯಿ ಮುಚ್ಚಿಕೊಂಡೆ. ಲಿಂಗಕ್ಕೆ ಅರ್ಪಿಸದೆ ನಾಲಿಗೆಗೆ ಏನೂ ಇಡುವುದಿಲ್ಲ ನಾನು. ಅರ್ಪಣೆ ಅಡುಗೆ ಪೂರ್ತಿ ಮುಗಿದ ಮೇಲೆ, ನನ್ನ ಊಟದ ಹೊತ್ತಿಗೆ. ಉಪ್ಪು ಕೈಯಳತೆ, ಹದ ವಾಸನೆಯಲ್ಲಿ. ಮೇಡಂಗೆ ನಾಲ್ಕು ವರ್ಷದಿಂದ ಗೊತ್ತು, ಎಂದೂ ತಕರಾರಿಲ್ಲ.

ಅಜ್ಜಿ ಚಮಚ ಸಿಂಕಿಗೆ ಎಸೆದರು. "ತಾನು ಬಾಯಿಗಿಡದ್ದನ್ನು ಬೇರೆಯವರಿಗೆ ಬಡಿಸುತ್ತಾಳಾ?"

ಶುಕ್ರವಾರ ಮಧ್ಯಾಹ್ನ ಎಂಟು ಜನ ಊಟಕ್ಕೆ. ಸೂಪು ನನ್ನದೇ. ಅದೇ ಪರೀಕ್ಷೆ.

ಫೆ. 14, ಶುಕ್ರವಾರ. ಸಂಜೆ 5

ಹಾಳಾಯಿತು.

ನಾನು ಉಪ್ಪು ಹಾಕಿದ್ದೆ. ಬ್ರೆಡ್ಡು ನೋಡಲು ಆಚೆ ಹೋದಾಗ ಅಜ್ಜಿಯೂ ಹಾಕಿದ್ದಾರೆ. ಅವರು ಹೇಳಲಿಲ್ಲ, ನಾನು ನಾಲಿಗೆಗೆ ಇಡಲಿಲ್ಲ. ಮೊದಲ ಚಮಚಕ್ಕೇ ಎಂಟೂ ಜನ ನೀರಿಗೆ ಕೈ ಹಾಕಿದರು.

ಅಜ್ಜಿ ಕೂಗಾಡಲಿಲ್ಲ. ಮೆಲ್ಲಗೆ ಏನೋ ಅಂದರು. ಮೇಡಂ ಹೇಳಲು ಒಲ್ಲೆ ಅಂದರು. ಒತ್ತಾಯ ಮಾಡಿ ಕೇಳಿದೆ.

"ಇವಳು ಬೇಡ."

ಫೆ. 15

ಮನಸ್ಸಿಲ್ಲ.

ಫೆ. 17, ಸೋಮವಾರ. ಬೆಳಗ್ಗೆ

ನಿನ್ನೆ ರೊಟ್ಟಿ ತಿನ್ನುತ್ತ ಇವರು ಅಂದರು, "ಅಲ್ಲ ಹೊನ್ನಿ, ಉಪ್ಪು ಹೆಚ್ಚಾತು ಅಂತ ನಿಮ್ಮ ಶಿವಾ ಒಮ್ಮೆರ ಬೈದಾನೇನು?"

"ಸುಮ್ನಿರ್ರಿ."

"ಮೂವತ್ತು ವರ್ಷ ಆತು, ಮೊದಲ ತುತ್ತು ಅವಗ ಕೊಡ್ತಿ. ಗಡಿಗಿ ಇಳಿಯೂತನಕ ಯಾಕ ಕಾಯಿಸ್ತಿ? ಒಲಿ ಮ್ಯಾಲಿದ್ದಾಗs ಕರಿ."

ನಗು ಬಂತು. ಆಮೇಲೆ ಬರಲಿಲ್ಲ. ಪೂಜೆಯಲ್ಲಿ ಅದೇ ಯೋಚನೆ. ಅರೆಬೆಂದದ್ದನ್ನು ಅರ್ಪಿಸುವುದೇ? ಹಸಿ ಹಾಲು ಕೊಡುತ್ತೇವೆ, ಹಣ್ಣು ಕೊಡುತ್ತೇವೆ. ಅವನ ಮುಂದೆ ಇಡುವುದು ಮುಖ್ಯ, ಬೆಂದಿದೆಯೋ ಇಲ್ಲವೋ ಅವನು ಕೇಳಿಲ್ಲ. ಕೇಳಿದವಳು ನಾನೇ.

ಇನ್ನೊಂದು ಸಲ ಅಜ್ಜಿಯ ಹತ್ತಿರ ಹೋಗುವೆ.

ಅದೇ ದಿನ, ಮಧ್ಯಾಹ್ನ 3

ಬಂದವಳೇ ಬರೆಯಲು ಕೂತೆ, ಖುಷಿಗೆ!

ಹೋದಾಗ ಅಜ್ಜಿ ಬ್ರೆಡ್ಡು ಕೊಯ್ಯಲು ಕೂತಿದ್ದರು. ಬ್ರೆಡ್ಡು ಮಗುಚಿ, ತಳದ ಮೇಲೆ ಚಾಕುವಿನ ತುದಿಯಿಂದ ಶಿಲುಬೆ ಗೀರಿದರು. ಆಮೇಲೆ ಕೊಯ್ದರು. ಮೇಡಂ ಕಡೆಯಿಂದ ಕೇಳಿಸಿದೆ — ಇದನ್ನು ಗೀರದೆ ಕೊಯ್ದರೆ?

"ಕೊಯ್ಯುವುದೇ ಇಲ್ಲ."

"ಎದುರಿಗೆ ಹಸಿದವರು ಕೂತಿದ್ದರೆ?"

"ಕಾಯುತ್ತಾರೆ."

ಸೆರಗಿನೊಳಗಿನ ಲಿಂಗದ ಕರಡಿಗೆ ಹೊರಗೆ ತೆಗೆದೆ. ಆ ಮನೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. "ನಂದೂ ಅಷ್ಟೇ. ಮೊದಲು ಇವನಿಗೆ, ಆಮೇಲೆ ನನಗೆ."

ಅಜ್ಜಿ ಚಾಕು ಕೆಳಗಿಟ್ಟರು. ಒಲೆಯ ಕಡೆ ಕೈ ತೋರಿಸಿದರು.

ಸೂಪು ಮಾಡಿದೆ. ಕುದಿ ಬಂದಾಗ ಬಟ್ಟಲಿಗೆ ಒಂದು ಸೌಟು. ಮೂಲೆಯಲ್ಲಿ ಕೂತು ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಅರ್ಪಿಸಿದೆ. ಕುಡಿದೆ. ಉಪ್ಪು ಕಡಿಮೆ!

ಅಜ್ಜಿ ರುಚಿ ನೋಡಿ, ಸರಿಯಿದೆ ಅಂದರು. ಕಡಿಮೆ ಅಂದೆ. ಅವರು ಫ್ರೆಂಚಿನಲ್ಲಿ, ನಾನು ಕನ್ನಡದಲ್ಲಿ, ಹತ್ತು ನಿಮಿಷ ಜಗಳ. ಮೇಡಂ ನಕ್ಕು ನಕ್ಕು ಕೂತೇಬಿಟ್ಟರು. ಕೊನೆಗೆ ಅಜ್ಜಿ ಒಂದು ಚಿಟಿಕೆ ಹಾಕಿ ಇನ್ನೊಮ್ಮೆ ನೋಡಿದರು. ಉಪ್ಪಿನ ಡಬ್ಬಿ ತಮ್ಮ ಕಡೆಯಿಂದ ನನ್ನ ಕಡೆಗೆ ಸರಿಸಿದರು.

ಇದಕ್ಕೆ ಮೇಡಂ ಅರ್ಥ ಹೇಳಬೇಕಾಗಲಿಲ್ಲ.

ಮಾರ್ಚ್ 27, ಗುರುವಾರ. ಮಧ್ಯಾಹ್ನ

ವೀಸಾ ಬಂತು! ನನ್ನದೂ, ಇವರದೂ. ಶಿವಾ... ಪಾಸ್‌ಪೋರ್ಟು ಇವರ ಕೈಯಲ್ಲೇ ಇದೆ, ಕೆಳಗಿಡುತ್ತಿಲ್ಲ. ನೌಶಾದ್, "ಖಲಾಸ್, ಇನ್ನು ನನ್ನ ಗಾಡಿ ವಾಸನೆ ಬಿಟ್ಟೀತು" ಅಂದವನು ಕಣ್ಣು ಒರೆಸಿಕೊಂಡ.

ಊರಿಗೆ ಹೋದ ಅಜ್ಜಿ ಈಗಷ್ಟೇ ವಿಡಿಯೋ ಕಾಲ್ ಮಾಡಿದ್ದರು, ಮನೆ ಅಣಿಮಾಡಲು ವಾರದ ಮಟ್ಟಿಗೆ ಅಲ್ಲಿಗೆ ಹೋಗಿರುವ ಮೇಡಂ ಅವರ ಪಕ್ಕದಲ್ಲಿದ್ದರು. ಒಲೆಯ ಮಗ್ಗುಲಿಗೆ ಕಲ್ಲುಗೋಡೆಯಲ್ಲಿ ಒಂದು ಗೂಡು. ಖಾಲಿ ಮಾಡಿ ಸುಣ್ಣ ಬಳಿದಿದ್ದಾರೆ. "ನಿನ್ನವನಿಗೆ" ಅಂದರಂತೆ.

ನಾನು ಪೂಜೆಗೆ ಪೂರ್ವಕ್ಕೆ ಮುಖ ಮಾಡಿ ಕೂರುವವಳು. ಗೂಡು ಯಾವ ದಿಕ್ಕಿಗಿದೆ ಅಂತ ಕೇಳಿದೆ. ಸೂರ್ಯ ಎಲ್ಲಿ ಹುಟ್ಟುತ್ತಾನೆ ತೋರಿಸಲು ಅಜ್ಜಿ ಫೋನು ಹಿಡಿದು ಅಂಗಳಕ್ಕೇ ನಡೆದರು. ಹಸಿ ಮಣ್ಣು ಕಂಡಿತು. ಇವರು ನನ್ನ ಹೆಗಲ ಮೇಲಿಂದ ಬಗ್ಗಿ, "ಎರಿ ನೆಲ ಏನು, ಮಸಾರಿ ಏನು? ಕೇಳು, ಕೇಳು" ಅಂದರು. ಕಪ್ಪು ಮಣ್ಣೋ ಕೆಂಪೋ, ಅದೇ ಇವರ ಚಿಂತೆ. ಅಷ್ಟರಲ್ಲಿ ಕಟ್ಟಾಯಿತು.

ಮತ್ತೆ ರಿಂಗಾಗುತ್ತಿದೆ. ಅಜ್ಜಿಯೇ. ಪೂರ್ವ ಸಿಕ್ಕಿತೇನೋ —