ಸಂಕಟಕ್ಕೆ ಕೊಟ್ಟ ಗ್ಯಾಸಿನ ಗುಳಿಗೆ

ಹಿರಿಯ ನಾಗರಿಕರ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಭೀಮಕ್ಕ ಐದು ತಿಂಗಳಿಂದ ಹೊತ್ತಿಗೆ ಅರ್ಧ ರೊಟ್ಟಿಗಿಂತ ಹೆಚ್ಚು ತಿಂದಿಲ್ಲ. ಮುಪ್ಪಿನಲ್ಲಿ ಮನಸ್ಸಿಗೂ ರೋಗ ಬರುತ್ತದೆ ಎಂಬ ಸಂಗತಿ ನಿಮ್ಮ ಇಲಾಖೆಯ ಗೋಡೆಗಳಿಗೆ ಗೊತ್ತಿದೆ, ಅಲ್ಲಿ ಬಣ್ಣದ ಪೋಸ್ಟರ್ ಅಂಟಿಸಿದ್ದೀರಿ. ಆ ಗೋಡೆಯ ಕೆಳಗೆ ಕೂತ ಸಿಬ್ಬಂದಿಗೆ ಯಾವಾಗ ಗೊತ್ತಾಗುತ್ತದೆ ಎಂದು ಕೇಳಲು ಈ ಪತ್ರ.

ನಮ್ಮದು ಖಾನಾಪುರದ ಹತ್ತಿರದ ಹಳ್ಳಿ, ಮನೆ ತುಂಬ ಜನ. ನನ್ನ ತಮ್ಮನ ಹೆಂಡತಿ ಪ್ರಮಿಳಾ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಳು. ಭೀಮಕ್ಕನಿಗೆ ಅವಳು ನೆಗೆಣ್ಣಿ. ಮೂವತ್ತೆಂಟು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು, ದಿನಕ್ಕೆ ಎರಡು ಸಲ ಜಗಳವಾಡಿದವರು. ಗಂಡ ಸತ್ತರೆ ಅಳಲು ಜನ ಬಿಡುತ್ತಾರೆ, ಮಗ ಸತ್ತರೂ ಬಿಡುತ್ತಾರೆ. ನೆಗೆಣ್ಣಿಗಾಗಿ ಎಷ್ಟು ದಿನ ಅಳಬಹುದು? ದಿನಕರ್ಮ ಮುಗಿಯುತ್ತಲೇ ನಾವೆಲ್ಲ ಕಣ್ಣೊರೆಸಿಕೊಂಡೆವು. ಇವಳು ಮಾತ್ರ ಒಂದೇ ಮಾತು ಹಿಡಿದಳು: “ಹೊಟ್ಟ್ಯಾಗ ಸಂಕಟ ಆಗ್ತೈತ್ರೀ.”

ನಾನು ಮೂವತ್ತು ವರ್ಷ ಮಕ್ಕಳಿಗೆ ನಾನಾರ್ಥ ಪದ ಕಲಿಸಿದ ಕನ್ನಡ ಮಾಸ್ತರ. ಅಜವಾನದ ನೀರು ಕುದಿಸಿ ಕೊಟ್ಟೆ. ಖಾನಾಪುರದ ಡಾಕ್ಟರೊಬ್ಬರು ಗ್ಯಾಸಿನ ಗುಳಿಗೆ ಕೊಟ್ಟರು, ಮೂರು ಸಲ. ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಹೆಸರು ಬೇಡ, ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಪ್ರಮಿಳಾ ಅಲ್ಲಿ ಕಾಣಲಿಲ್ಲವಾದ್ದರಿಂದ ಚೀಟಿಯಲ್ಲಿ ‘ವಯೋಸಹಜ’ ಎಂದು ಬರೆದರು. ಅರವತ್ತಕ್ಕೆ ಅರಳು ಮರಳು ಎಂದು ನಾವು ಹಳ್ಳಿಯವರು ಆಡುವುದನ್ನೇ ಸಂಸ್ಕೃತದಲ್ಲಿ ಬರೆದರೆ ಅದು ವೈದ್ಯಕೀಯವಾಗುತ್ತದೆಯೇ?

ಅಲ್ಲಿ ಕಸ ಗುಡಿಸುತ್ತಿದ್ದ ಮಾಯಾ ಎಂಬ ಹೆಣ್ಣುಮಗಳು ಇವಳ ಮುಖ ನೋಡಿ ಕಸಬರಿಗೆ ಬದಿಗಿಟ್ಟಳು.

“ಯವ್ವಾ, ಮನ್ಯಾಗ ಯಾರ ತೀರಕೊಂಡಾರ?”

“ನಮ್ಮ ಪ್ರಮಿಳಾ ಹ್ವಾದ್ಳವ್ವಾ. ರೊಟ್ಟಿ ಬಡ್ಯಾಕ ಕುಂತರ ಬಾಜೂಕ ಯಾರೂ ಇಲ್ಲ. ಹೊಟ್ಟ್ಯಾಗ ಸಂಕಟ ಆಗ್ತೈತಿ.”

ಭೀಮಕ್ಕ ಅವಳ ಸೆರಗು ಹಿಡಿದು ಅತ್ತಳು. ಸಂಕಟದ ಅರ್ಥ ನನಗೆ ತಿಳಿದದ್ದು ಅಲ್ಲಿ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು.

ಮನಸ್ಸಿನ ಡಾಕ್ಟರು ಎಲ್ಲಿ ಎಂದು ಕೌಂಟರಿನಲ್ಲಿ ಕೇಳಿದೆ. ಗುಮಾಸ್ತ ಇಡೀ ಸಾಲಿಗೆ ಕೇಳುವಂತೆ, “ಯಾಕ್ರೀ, ಅಜ್ಜೀಗಿ ಹುಚ್ಚ ಹಿಡದೈತೇನ್ರೀ?” ಅಂದ. ಜನ ತಿರುಗಿ ನೋಡಿದರು. ಅಳುತ್ತಿದ್ದವಳು ಕಣ್ಣೊರೆಸಿಕೊಂಡು ಎದ್ದಳು. “ನಡೀರಿ ಮನೀಗಿ” ಅಂದಳು. ಇನ್ನು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವುದಿಲ್ಲ ಎನ್ನುತ್ತಾಳೆ.

ಆದ್ದರಿಂದ ಮನಸ್ಸಿನ ಡಾಕ್ಟರನ್ನು ನಮ್ಮ ಹಳ್ಳಿಗಳ ಮನೆಬಾಗಿಲಿಗೆ ಕಳಿಸಿ. ಅವರಿಗೆ ನಮ್ಮ ಕನ್ನಡವೂ ಬರಲಿ, ನೆರೆಮನೆಯವರ ಮರಾಠಿಯೂ ಬರಲಿ. ಮುದುಕರು ಹೊಟ್ಟೆ ಎಂದಾಗ ಮನೆಯಲ್ಲಿ ಏನಾಯಿತು ಎಂದು ಕೇಳುವುದನ್ನು ನಿಮ್ಮ ಸಿಬ್ಬಂದಿಗೆ ಕಲಿಸಿ. ಕಲಿಸಲು ಪರಿಣತರು ಸಿಗದಿದ್ದರೆ ಮಾಯಾ ಇದ್ದಾಳೆ.

ಬೇಗ ಕಳಿಸಿ. ಇವಳ ಬಳೆಗಳು ಮೊಳಕೈಗೆ ಜಾರುತ್ತಿವೆ. ಆದರೆ ನಿಮ್ಮವರು ಬಂದು ಕೇಳಿದರೆ ಇವಳು ಹೊಟ್ಟೆಯ ಮಾತೆತ್ತುವುದಿಲ್ಲ. ಹುಚ್ಚಿ ಅನ್ನಿಸಿಕೊಳ್ಳುವ ಹೆದರಿಕೆಗೆ ಈಗ ಯಾರು ಕೇಳಿದರೂ ನಗುತ್ತ, “ಆರಾಮ ಅದೀನ್ರೀ” ಎನ್ನುತ್ತಾಳೆ. ದಯವಿಟ್ಟು ಅದನ್ನು ಗುಣವಾಯಿತು ಎಂದು ಬರೆದುಕೊಂಡು ಹೋಗಬೇಡಿ.

ಇಂತಿ,
ಹೆಂಡತಿಯ ಮಾತಿನ ಅರ್ಥ ತಡವಾಗಿ ತಿಳಿದ ಮಾಸ್ತರ,
ಕರೆಪ್ಪ
ಖಾನಾಪುರ ತಾಲ್ಲೂಕು