ಒಂದು ಮೆಟ್ಟಿಲು ಕಡಕ್

ಫೆಬ್ರವರಿ 3, ಮಂಗಳವಾರ

ಇವತ್ತು ಏಳು ಚುರುಟು ಮುಗೀತು. ಮುಗೀತು ಅಂದ್ರೆ ಒಂದೊಂದೂ ಎರಡು ಬೆರಳಗಲ ಸುಡೋವರೆಗೆ, ಅಷ್ಟೇ. ನಡುನಡುವೆ ಸಕ್ಕರೆ ಹಾಕದ ಟೀ. ಶೀಟಲ್ಲಿ ಆರನ್ನ ಸರಿಯಾಗಿ ಬರೆದೆ. ನಾಲ್ಕನೇದು ತಪ್ಪು — ಕಡಕ್ ಅಂತ ಬರೆದೆ, ಅದು ಮಧ್ಯಮ.

"ಘಾಟು ಬಡಿದ ತಕ್ಷಣ ಕಡಕ್ ಅಂತ ಬರೀಬೇಡ ಇಡಾಲ್ಮಿಸ್," ಅಂದ್ರು ಓಬ್ದೂಲಿಯಮ್ಮ. "ಗಂಟಲು ಸುಳ್ಳು ಹೇಳುತ್ತೆ. ಸ್ವಲ್ಪ ಕಾಯಿ. ಕಡಕ್ ಅನ್ನೋದು ತಲೆಗೂ ಹೊಟ್ಟೆಗೂ ಗೊತ್ತಾಗಬೇಕು. ರುಚಿ, ಘಮ — ಅದೇ ಬೇರೆ."

ಹತ್ತೊಂಬತ್ತು ವರ್ಷ ಇದೇ ಫ್ಯಾಕ್ಟರಿಯಲ್ಲಿ ಚುರುಟು ಸುತ್ತಿದ್ದೀನಿ. ಸುತ್ತೋ ಕೈಗೆ ಗೊತ್ತಿಲ್ಲದ್ದು ಎಷ್ಟಿದೆ! ಅವರು ಮೂವತ್ಮೂರು ವರ್ಷದಿಂದ ರುಚಿ ನೋಡೋ ಕುರ್ಚಿಯಲ್ಲಿದ್ದಾರೆ. ಕಣ್ಣು ಮುಚ್ಚಿ ಒಂದು ದಮ್ಮು ಎಳೆದು, ಯಾವ ಬೆಂಚಿನವರು ಸುತ್ತಿದ್ದು ಅಂತ ಹೇಳಿಬಿಡ್ತಾರೆ. ಮಾರ್ಚ್ ಕೊನೆಗೆ ನಿವೃತ್ತಿ. ಆ ಕುರ್ಚಿಗೆ ಮಾರ್ಚ್ ಹನ್ನೆರಡಕ್ಕೆ ಟೆಸ್ಟ್. ನಂದು, ಇನ್ನಿಬ್ಬರದು.

ಫೆಬ್ರವರಿ 9, ಸೋಮವಾರ

ಫ್ಲೊರೆಂಸಿಯೊ ತನ್ನ ಅಕ್ಕನ ಮಗನನ್ನ ಕರಕೊಂಡು ಬಂದಿದ್ದ. (ಫ್ಲೊರೆಂಸಿಯೊ ನಮ್ಮ ಜೊತೆ ರುಚಿ ನೋಡೋನು. ಚುರುಟು ಬಾಯಲ್ಲಿದ್ದಾಗ ಮಾತ್ರ ಸುಮ್ಮನಿರ್ತಾನೆ.) ಹುಡುಗ ಬಾಕ್ಸರ್. ಬಾಗಿಲಲ್ಲಿ ಹಿಡಿಯದಷ್ಟು ದೊಡ್ಡ ಆಳು.

"ಅಜ್ಜೀ, ಇರೋದ್ರಲ್ಲೇ ಕಡಕ್ ಕೊಡಿ."

"ಇದುವರೆಗೆ ಎಷ್ಟು ಸೇದಿದ್ದೀಯ ಮಗಾ?"

"ಒಂದೂ ಇಲ್ಲ. ಆದ್ರೆ ಈ ಎದೆ ನೋಡಿ!"

"ಹೊಗೆ ಎದೆಗೆ ಇಳಿಸೋದೇ ಇಲ್ಲವಲ್ಲೋ ನಾವು. ಬೆಳಗ್ಗೆ ಏನು ತಿಂದೆ?"

"ತೂಕ ಇಳಿಸ್ತಿದ್ದೀನಿ. ಬರೀ ಕಾಫಿ."

ಓಬ್ದೂಲಿಯಮ್ಮ ಸಣ್ಣದೊಂದನ್ನ ಎತ್ತಿ ಕೊಟ್ಟರು. "ಇದರಲ್ಲಿ ಬುಡದ ಎಲೆ ಜಾಸ್ತಿ. ಸೌಮ್ಯ. ಊಟ ಮಾಡಿ, ಕೂತು, ನಿಧಾನ ಸೇದು. ಇಂಥವು ಹತ್ತು ಹದಿನೈದು ಆಗಲಿ, ಆಮೇಲೆ ಮಧ್ಯಮಕ್ಕೆ ಬಾ. ತುದಿ ಎಲೆ ಬಿಸಿಲು ಕುಡಿದು ಬೆಳೆದದ್ದು. ಅದರ ಹತ್ತಿರ ಅವಸರ ನಡೆಯಲ್ಲ."

ನಕ್ಕುಬಿಟ್ಟ. ಮಾವನ ಜೇಬಿಂದ ದಪ್ಪನೆಯದೊಂದು ಎಳೆದು ಹಚ್ಚಿದ. ಹತ್ತೇ ನಿಮಿಷ. ಮುಖ ಬೇಯಿಸಿದ ಮರಗೆಣಸಿನ ಬಣ್ಣ. ಮೆಟ್ಟಿಲ ಮೇಲೆ ಕುಸಿದು ಕೂತ.

ಓಬ್ದೂಲಿಯಮ್ಮ ಒಂದು ಹಿಡಿ ಸಕ್ಕರೆ ಅವನ ಬಾಯಿಗೆ ಹಾಕಿ, ಹಣೆ ಒತ್ತಿ ಹಿಡಿದುಕೊಂಡರು. 'ನಾನು ಹೇಳಿರಲಿಲ್ವಾ' ಅನ್ನಲೇ ಇಲ್ಲ. ನಾನಾಗಿದ್ರೆ ಖಂಡಿತ ಅಂತಿದ್ದೆ. ಅವರು ಅವರೇ.

ಫೆಬ್ರವರಿ 24, ಮಂಗಳವಾರ

ಬರೆಯೋ ಮನಸ್ಸಿಲ್ಲ. ಮೂರು ದಿನದಿಂದ ಎಲ್ಲ ತಪ್ಪು. ಸೌಮ್ಯ ಅನ್ನೋದೆಲ್ಲ ಮಧ್ಯಮ ಅನ್ಸುತ್ತೆ, ಮಧ್ಯಮ ಕಡಕ್. ಇವತ್ತು ಐದನೇದು ಸೇದುವಾಗ ತಲೆ ಗಿರ್ರ್... ಎದ್ದು ಓಡಿದೆ.

ಫ್ಲೊರೆಂಸಿಯೊ ಕೂಗಿದ — "ಏನಮ್ಮಾ, ನೀನೂ ಬಾಕ್ಸಿಂಗ್ ಸೇರಿದ್ಯಾ?"

ಟೆಸ್ಟಿಗೆ ಹದಿನೇಳು ದಿನ ಉಳಿದಿದೆ. ಮೂಗು ಕೈಕೊಟ್ಟಿತು. ನನ್ನ ಗಂಡ ರಿಗೊಗೆ ಹೇಳಿಲ್ಲ. ತಾನು ಕೆಲಸ ಮಾಡೋ ಬೇಕರಿಯಿಂದ ಬಿಸಿ ಬ್ರೆಡ್ ತಂದ, ಅದರ ವಾಸನೆಗೂ ಆಗಲಿಲ್ಲ.

ಫೆಬ್ರವರಿ 26, ಗುರುವಾರ

ಓಬ್ದೂಲಿಯಮ್ಮ ನನ್ನ ಈಚಿನ ಕೆಲವು ದಿನದ ಶೀಟುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡಿದ್ರು. ಆಯ್ತು, ತೆಗೆದುಹಾಕ್ತಾರೆ ಅಂದುಕೊಂಡೆ.

"ಇದು ತಪ್ಪಲ್ಲ ಮಗಳೇ. ಕೆಟ್ಟ ಮೂಗು ಅಲ್ಲೊಂದು ಇಲ್ಲೊಂದು ತಪ್ಪುತ್ತೆ. ನಿಂದು ಎಲ್ಲವೂ ಒಂದೇ ಒಂದು ಮೆಟ್ಟಿಲು ಮೇಲೆ ಹೋಗಿದೆ. ಒಂದೂ ಬಿಡದೆ. ಬದಲಾಗಿರೋದು ಚುರುಟಲ್ಲ, ನೀನು." ಆಮೇಲೆ ಮೆಲ್ಲಗೆ — "ಮುಟ್ಟಾಗಿ ಎಷ್ಟು ದಿನ ಆಯ್ತು?"

ನಗು ಬಂತು. ನನಗೆ ಮೂವತ್ತೊಂಬತ್ತು. ಎರಡು ಸಲ ಬಸಿರು ನಿಂತು, ಕಳೆದುಹೋಗಿತ್ತು, ಕೊನೇದು ಎಂಟು ವರ್ಷದ ಹಿಂದೆ. ದಿನ ಎಣಿಸೋದನ್ನೇ ಬಿಟ್ಟಿದ್ದೀವಿ. ಹಾಗಂದೆ. ಹೇಳ್ತಾ ಹೇಳ್ತಾ ಮನಸ್ಸಲ್ಲೇ ಎಣಿಸಿದೆ. ಏಳು ವಾರ ದಾಟಿತ್ತು.

"ಇವತ್ತಿಂದ ಈ ಕೋಣೆಗೆ ಕಾಲಿಡಬೇಡ."

"ಟೆಸ್ಟ್ ಇದೆಯಲ್ಲಾ ಅಮ್ಮಾ. ಹದಿನೈದೇ ದಿನ... ಆಮೇಲೆ ಬಿಡ್ತೀನಿ."

ಟೀ ಲೋಟ ಕೆಳಗಿಟ್ಟರು. "ಎಪ್ಪತ್ತೊಂದನೇ ಇಸವಿ. ನನಗೂ ಹೀಗೇ ಆಗಿತ್ತು. ಹೆಂಗಸಿಗೆ ಈ ಕುರ್ಚಿಯಾ ಅಂತ ಎಲ್ಲ ನಗ್ತಿದ್ರು. ಯಾರಿಗೂ ಹೇಳಲಿಲ್ಲ. ದಿನಾ ಬಂದೆ, ದಿನಾ ಸೇದಿದೆ."

"ಆಮೇಲೆ?"

"ಕುರ್ಚಿ ಸಿಕ್ತು. ಕುರ್ಚಿ ಮಾತ್ರ."

ಶೀಟುಗಳನ್ನ ಒಂದೊಂದಾಗಿ ಎತ್ತಿಟ್ಟರು.

ಫೆಬ್ರವರಿ 28, ಶನಿವಾರ

ಹೌದು.

ರಿಗೊ ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡ. ಬೆನ್ನ ಮೇಲೆ ಹತ್ತು ಬೆರಳಿನ ಗುರುತು. ಬಟ್ಟೆ ಒಗೆದಿಲ್ಲ.

ಮಾರ್ಚ್ 3, ಬುಧವಾರ

ಮೇಲಿನ ಮಹಡಿಗೆ ಹಾಕಿದ್ದಾರೆ, ಪೆಟ್ಟಿಗೆಗೆ ಅಂಟಿಸೋ ಚೀಟಿ ವಿಂಗಡಿಸೋದು. ಕಿಟಕಿ ಪಕ್ಕ. ಖುಷಿನೇ. ಆದ್ರೂ ಹತ್ತು ಗಂಟೆಗೆ, ಕೆಳಗೆ ಮೊದಲನೇದು ಹಚ್ಚೋ ಹೊತ್ತಿಗೆ... ಹೊಟ್ಟೆಕಿಚ್ಚು. ಒಂದು ಸಲ ಕೂತವರು ಆ ಕುರ್ಚಿಯಿಂದ ಇಪ್ಪತ್ತು ವರ್ಷ ಏಳಲ್ಲ.

ಮಾರ್ಚ್ 12, ಶುಕ್ರವಾರ

ಫ್ಲೊರೆಂಸಿಯೊ ಏದುಸಿರು ಬಿಡ್ತಾ ಮಹಡಿ ಹತ್ತಿ ಬಂದ. "ಟೆಸ್ಟ್ ಇಲ್ಲ ಕಣೇ! ಮುದುಕಿ ನಿವೃತ್ತಿ ಕಾಗದ ವಾಪಸ್ ತಗೊಂಡಿದ್ದಾಳೆ. ನನ್ನ ನಾಲಿಗೆ ಇನ್ನೂ ಬದುಕಿದೆ, ಎರಡು ವರ್ಷ ಎಬ್ಬಿಸಬೇಡಿ ಅಂದ್ಲಂತೆ."

ಬರಕೋವಾ ಊರಲ್ಲಿ ಓಬ್ದೂಲಿಯಮ್ಮನ ತಂಗಿ ಕಾಯ್ತಿದ್ದಾಳೆ. ಸಮುದ್ರದ ಪಕ್ಕ ಮನೆ. ಟ್ರಂಕು ಆಗಲೇ ಹೋಗಿದೆ ಅಲ್ಲಿಗೆ.

ಕೆಳಗೆ ಓಡಿದೆ, ಹೊಸ್ತಿಲು ದಾಟಲಿಲ್ಲ. "ನನಗೋಸ್ಕರ ಯಾಕಮ್ಮಾ..."

"ನಿನಗೋಸ್ಕರ ಅಂತ ಯಾರಂದ್ರು? ಎಲ್ಲವನ್ನೂ ಸರಿಯಾಗಿ ಒಂದೇ ಮೆಟ್ಟಿಲು ಏರಿಸೋ ಮೂಗು ಅಂಗಡೀಲಿ ಸಿಗುತ್ತಾ? ಕೂಸು ಹಾಲು ಬಿಟ್ಟ ಮೇಲೆ ಬಾ. ಬಂದಾಗ ಸೌಮ್ಯದಿಂದಲೇ ಶುರು, ಹೊಸಬಳ ಹಾಗೆ. ಹತ್ತೊಂಬತ್ತು ವರ್ಷ ಅಂತ ಜಂಬ ಕೊಚ್ಚಿದ್ರೆ ಓಡಿಸ್ತೀನಿ."

ಇಂಥವರೂ ಇರ್ತಾರೆ.

ಅಕ್ಟೋಬರ್ 14, ಗುರುವಾರ, ಮಧ್ಯಾಹ್ನ

ಹೆರಿಗೆ ಆಸ್ಪತ್ರೆ. ಹೆಣ್ಣು. ಮೂರು ದಿನ ಆಯ್ತು. ತಲೆ ತುಂಬ ಕೂದಲು. ಹೊಲಿಗೆ ಎಳೆಯುತ್ತೆ, ವಾಲಿಕೊಂಡೇ ಬರೀತಿದ್ದೀನಿ.

ಓಬ್ದೂಲಿಯಮ್ಮ, ಫ್ಲೊರೆಂಸಿಯೊ ಬಂದಿದ್ರು. ಬಾಗಿಲಲ್ಲೇ ಅವನ ಬಾಯಿ ಶುರು — "ಹೇಗಿದೆ ಮಾಲು? ಸೌಮ್ಯವೋ, ಕಡಕ್ಕೋ?"

ಓಬ್ದೂಲಿಯಮ್ಮ ಕೈ ತೊಳೆದರು. ಮತ್ತೊಮ್ಮೆ ತೊಳೆದರು. ಕೂಸನ್ನ ಎತ್ತಿಕೊಂಡು ನೆತ್ತಿಗೆ ಮೂಗು ಇಟ್ಟರು. ತುಂಬ ಹೊತ್ತು. ಫ್ಲೊರೆಂಸಿಯೊ ಟೋಪಿ ತೆಗೆದ.

"ಇದಕ್ಕೆ ನಮ್ಮ ಶೀಟಲ್ಲಿ ಜಾಗ ಇಲ್ಲ," ಅಂದ್ರು.

ಹೊರಡುವಾಗ ಕೇಳಿದೆ. ಕೇಳಬಾರದಿತ್ತೇನೋ. ಎಪ್ಪತ್ತೊಂದರಲ್ಲಿ, ಆ ಕೂಸಿಗೆ ಹೆಸರು ಅಂತ ಏನಾದ್ರೂ ಯೋಚಿಸಿದ್ರಾ ಅಮ್ಮಾ?

ಹೇಳಿದ್ರು. ಒಂದೇ ಸಲ, ಮೆಲ್ಲಗೆ. ಮೂವತ್ಮೂರು ವರ್ಷ ಯಾರೂ ಕೂಗದ ಹೆಸರು.

ನಾಲ್ಕು ಗಂಟೆಗೆ ನೋಂದಣಿಯವಳು ಬರ್ತಾಳೆ. ನಾವು ಬೇರೆ ಹೆಸರು ಗೊತ್ತು ಮಾಡಿದ್ವಿ, ರಿಗೊನ ತಾಯಿದು. ರಿಗೊ ಹೊರಗೆ ಬೆಂಚಿನ ಮೇಲೆ ನಿದ್ದೆ ಹೋಗಿದ್ದಾನೆ. ಈಗಲೇ ಎಬ್ಬಿಸಿ ಅವನಿಗೆ ಈ ಹೆಸರು ಹೇಳ್ತೀನಿ.